ಮುಳ್ಳು ನಡುವಿನಲ್ಲೇ ಇದೆ, ಫೋನ್ 103 ಡಿಗ್ರಿ ಎನ್ನುತ್ತಿದೆ: ಯಾವುದನ್ನು ನಂಬುವುದು?

ಪ್ರಶ್ನೆ: ನನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಪೆಟ್ರೋಲ್ ಕಾರು. ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದನ್ನು ಫೋನ್‌ಗೆ ಜೋಡಿಸಿಕೊಂಡಿದ್ದೇನೆ. ಕಾರಿನ ತುಂಬ ಜನ, ಸಾಮಾನು ಇಟ್ಟುಕೊಂಡು ಉದ್ದನೆಯ ಏರು ಹತ್ತುವಾಗ ಆ್ಯಪ್‌ನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) 103 ಡಿಗ್ರಿ ತೋರಿಸಿತು. ಡ್ಯಾಶ್‌ಬೋರ್ಡ್‌ನ ಮುಳ್ಳು ಮಾತ್ರ ಕದಲಲೇ ಇಲ್ಲ. ಯಾವುದು ಸರಿ? ಗೇರ್‌ಬಾಕ್ಸ್ ಆಯಿಲ್‌ನ ತಾಪಮಾನ ಆ್ಯಪ್‌ನ ಪಟ್ಟಿಯಲ್ಲೇ ಇಲ್ಲ, ಅದನ್ನು ನೋಡುವುದು ಹೇಗೆ? ಎಷ್ಟು ಡಿಗ್ರಿಯಾದರೆ ಗಾಡಿ ನಿಲ್ಲಿಸಬೇಕು?

ಉತ್ತರ: ತುಂಬಿದ ಕಾರು ಏರು ಹತ್ತುವಾಗ ಕೂಲೆಂಟ್ 103 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಈಗಿನ ಬಹಳಷ್ಟು ಎಂಜಿನ್‌ಗಳಲ್ಲಿ ಸಹಜ. ನಿಮ್ಮ ಮುಳ್ಳೂ ಕೆಟ್ಟಿಲ್ಲ, ಫೋನೂ ಸುಳ್ಳು ಹೇಳುತ್ತಿಲ್ಲ. ಮುಳ್ಳನ್ನು ಹಾಗೆ ಮಾಡಿಯೇ ಇಟ್ಟಿರುತ್ತಾರೆ. ಕೂಲೆಂಟ್ ಹೆಚ್ಚುಕಡಿಮೆ 75ರಿಂದ 110 ಡಿಗ್ರಿಯ ನಡುವೆ ಎಲ್ಲೇ ಇದ್ದರೂ ಮುಳ್ಳು ನಡುಗೆರೆಯಲ್ಲೇ ನಿಲ್ಲುವಂತೆ ಸಾಫ್ಟ್‌ವೇರ್ ಅದನ್ನು ಹಿಡಿದಿಡುತ್ತದೆ. ಈ ಮಿತಿ ಕಾರಿನಿಂದ ಕಾರಿಗೆ ಬದಲಾದರೂ ಪದ್ಧತಿ ಒಂದೇ. ಫ್ಯಾನ್ ಆನ್ ಆಗಿ ಆಫ್ ಆದಾಗಲೆಲ್ಲ ಮುಳ್ಳು ಕುಣಿಯುತ್ತಿದ್ದರೆ ಜನ ಸುಮ್ಮನೆ ಗಾಬರಿಯಾಗುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಇದರಿಂದ ಆಗುವ ನಷ್ಟವೆಂದರೆ, ಮುಳ್ಳು ನಡುಗೆರೆ ಬಿಟ್ಟು ಮೇಲೇಳುವ ಹೊತ್ತಿಗೆ ಎಂಜಿನ್ ಆಗಲೇ ಅಪಾಯದ ಅಂಚಿಗೆ ಬಂದಿರುತ್ತದೆ. ಆ ನಡುವಿನ ಮೂವತ್ತೈದು ಡಿಗ್ರಿಯಲ್ಲಿ ಏನು ನಡೆಯುತ್ತಿದೆ ಎಂದು ತೋರಿಸುವುದೇ ಸ್ಕ್ಯಾನರ್‌ನ (ಅಂದರೆ ಈ ಅಡಾಪ್ಟರ್ ಮತ್ತು ಆ್ಯಪ್‌ನ) ನಿಜವಾದ ಉಪಯೋಗ.

103ಕ್ಕೆ ಕೂಲೆಂಟ್ ಕುದಿಯುವುದಿಲ್ಲವೇ ಎಂಬ ಅನುಮಾನ ಬರಬಹುದು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅದರ ಮೇಲೆ ಮುಚ್ಚಳ ಹಿಡಿದಿಡುವ ಒತ್ತಡವಿದೆ. ಮುಚ್ಚಳದ ಮೇಲೆ 1.1 ಬಾರ್ ಎಂದೋ 15 ಪಿಎಸ್‌ಐ ಎಂದೋ ಬರೆದಿರುವುದು ಅದೇ. ಅಷ್ಟು ಒತ್ತಡವಿದ್ದರೆ ಕುದಿಬಿಂದು 125–130ರ ಆಸುಪಾಸಿಗೆ ಏರುತ್ತದೆ. ಆದರೆ ಮುಚ್ಚಳದ ರಬ್ಬರ್ ಸೀಲ್ ಹೋಗಿ, ಒಳಗೆ ಬರೀ ನೀರು ಇದ್ದರೆ ಅದೇ 103 ಡಿಗ್ರಿಯಲ್ಲಿ ಸಿಲಿಂಡರ್ ಹೆಡ್‌ನೊಳಗೆ ಕುದಿ ಶುರುವಾಗಿರುತ್ತದೆ. ಆ್ಯಪ್ ತೋರಿಸುವ ಅಂಕಿ ಎರಡೂ ಸಂದರ್ಭದಲ್ಲಿ ಒಂದೇ. ಹಾಗಾಗಿ ಫೋನ್ ನೋಡುವ ಮೊದಲು, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ಮತ್ತು ಮುಚ್ಚಳದ ಸೀಲ್ ನೋಡಿಕೊಳ್ಳಿ.

ಗೇರ್‌ಬಾಕ್ಸ್ ತಾಪಮಾನ ಪಟ್ಟಿಯಲ್ಲಿ ಏಕಿಲ್ಲ

ಒಬಿಡಿ, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ, ಹುಟ್ಟಿದ್ದು ಹೊಗೆಯ ನಿಯಂತ್ರಣಕ್ಕೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಡೀಸೆಲ್ ಕಾರುಗಳಿಗೆ 2004ರಿಂದ ಇದು ಕಡ್ಡಾಯವಾಯಿತು. ಹೊಗೆಗೆ ಸಂಬಂಧಪಟ್ಟ ಮಾಹಿತಿಯನ್ನು ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ಕೊಡಲೇಬೇಕು. ಆ ಸಾಮಾನ್ಯ ಪಟ್ಟಿಗೆ ಮೋಡ್ 01 ಎಂದು ಹೆಸರು. ಕೂಲೆಂಟ್ ತಾಪಮಾನ ಅದರಲ್ಲಿ 05ನೇ ಅಂಶ, ಎಂಜಿನ್ ಆಯಿಲ್ ತಾಪಮಾನ 5ಸಿ, ಒಳಗೆ ಬರುವ ಗಾಳಿಯದ್ದು 0ಎಫ್. ಗೇರ್‌ಬಾಕ್ಸ್ ಆಯಿಲ್‌ನ ತಾಪಮಾನವನ್ನು ಈ ಪಟ್ಟಿಯಿಂದ ನಿರೀಕ್ಷಿಸುವಂತಿಲ್ಲ. ಅದನ್ನು ಪ್ರತಿ ಕಂಪನಿಯೂ ತನ್ನದೇ ವಿಳಾಸದಲ್ಲಿ, ತನ್ನದೇ ಸೂತ್ರದಲ್ಲಿ ಇಟ್ಟುಕೊಂಡಿದೆ. ಬಹುಪಾಲು ಮೋಡ್ 22ರಲ್ಲಿ ಸಿಗುತ್ತದೆ, ಟೊಯೊಟಾದ ಹಲವು ಹಳೆಯ ಮಾಡೆಲ್‌ಗಳಲ್ಲಿ ಮೋಡ್ 21ರಲ್ಲಿ.

ಅಂಕಿ ಹೇಗೆ ಬರುತ್ತದೆ ಎಂದು ಒಮ್ಮೆ ನೋಡಿಬಿಟ್ಟರೆ ಮುಂದಿನ ಕೆಲಸ ಸುಲಭ. ಆ್ಯಪ್ 01 05 ಎಂದು ಕೇಳುತ್ತದೆ. ಎಂಜಿನ್ ಕಂಪ್ಯೂಟರ್ 41 05 84 ಎಂದು ಉತ್ತರಿಸಿತು ಎನ್ನಿ. ಮೊದಲ ಎರಡು ಜೋಡಿ 'ನೀನು ಕೇಳಿದ್ದಕ್ಕೆ ಇದು ಉತ್ತರ' ಎನ್ನುವ ಗುರುತು. ಕೊನೆಯ 84 ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ ಎಣಿಕೆ); ಅಂದರೆ 8×16 + 4 = 132. ಅದರಿಂದ 40 ಕಳೆದರೆ 92 ಡಿಗ್ರಿ. ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಹೇಳಲು ಅನುಕೂಲವಾಗಲಿ ಎಂದು 40 ಕಳೆಯುವ ಪದ್ಧತಿ. ಇದು ಗೊತ್ತಿದ್ದರೆ ಇನ್ನೊಂದೂ ತಿಳಿಯುತ್ತದೆ: ಆ್ಯಪ್ ಎಂದಾದರೂ ಮೈನಸ್ 40 ತೋರಿಸಿದರೆ ಬಂದ ಅಂಕಿ ಸೊನ್ನೆ ಎಂದರ್ಥ. ಸೆನ್ಸರ್ ವೈರ್ ಕಡಿದಿದೆ, ಕನೆಕ್ಟರ್ ಕಳಚಿದೆ ಅಥವಾ ಆ್ಯಪ್ ತಪ್ಪು ವಿಳಾಸವನ್ನು ಕೇಳುತ್ತಿದೆ.

ಗೇರ್‌ಬಾಕ್ಸ್‌ಗೂ ಕ್ರಮ ಇದೇ, ಆದರೆ ಪ್ರಶ್ನೆಯನ್ನು ಎಂಜಿನ್ ಕಂಪ್ಯೂಟರ್‌ಗೆ ಕಳಿಸದೆ ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಕಳಿಸಬೇಕು. ಸಾಮಾನ್ಯವಾಗಿ ಎಂಜಿನ್‌ನ ಹೆಡರ್ (ಪ್ರಶ್ನೆ ತಲುಪಬೇಕಾದ ವಿಳಾಸ) 7ಇ0, ಗೇರ್‌ಬಾಕ್ಸ್‌ನದು 7ಇ1. ಕೆಲವು ಜಿಎಂ (ಜನರಲ್ ಮೋಟಾರ್ಸ್) ಗಾಡಿಗಳಲ್ಲಿ 7ಇ2. ಹೋಂಡಾದ ಹಲವು ಕಾರುಗಳಲ್ಲಿ ವಿಳಾಸವೇ ಉದ್ದ, 29 ಬಿಟ್‌ನದು. ಇಲ್ಲಿ ಕನ್ನಡದಲ್ಲಿ ಬರೆದಿರುವ ಇ, ಸಿ, ಎಫ್ ಮುಂತಾದವನ್ನು ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎರಡು ಉದಾಹರಣೆ ಸಾಕು. ಜಿಎಂನ ಅನೇಕ ಆಟೊಮ್ಯಾಟಿಕ್‌ಗಳಲ್ಲಿ ಕೇಳಬೇಕಾದ್ದು 22 19 40, ಸೂತ್ರ 'ಎ' (ಉತ್ತರದ ಕೊನೆಯ ಜೋಡಿ) ಮೈನಸ್ 40. ಉತ್ತರ 62 19 40 85 ಎಂದು ಬಂದರೆ 133 – 40 = 93 ಡಿಗ್ರಿ. ಫೋರ್ಡ್‌ನ ಅನೇಕ ಗಾಡಿಗಳಲ್ಲಿ 22 1ಇ 1ಸಿ. ಅಲ್ಲಿ ಉತ್ತರ ಎರಡು ಬೈಟ್‌ನದು, ಅಂದರೆ ಎರಡು ಜೋಡಿಯದು. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿ, 16ರಿಂದ ಭಾಗಿಸಬೇಕು. ಕೊನೆಯ ಎರಡು ಜೋಡಿ 05 80 ಆಗಿದ್ದರೆ 1408 ÷ 16 = 88 ಡಿಗ್ರಿ.

ಟಾರ್ಕ್ ಪ್ರೊ ಆ್ಯಪ್‌ನಲ್ಲಾದರೆ ಸೆಟ್ಟಿಂಗ್ಸ್‌ನೊಳಗೆ ಹೆಚ್ಚುವರಿ ಪಿಐಡಿಗಳನ್ನು (ಪ್ರತಿ ಮಾಹಿತಿಗೂ ಇರುವ ಗುರುತಿನ ಸಂಖ್ಯೆಗಳನ್ನು) ನಿರ್ವಹಿಸುವ ಜಾಗವಿದೆ. ಅಲ್ಲಿ ಕೆಲವು ಕಂಪನಿಗಳ ಸಿದ್ಧ ಪಟ್ಟಿಗಳಿವೆ. ಮೊದಲು ಅದನ್ನೇ ಸೇರಿಸಿ ನೋಡಿ. ಸಿಗದಿದ್ದರೆ ಹೊಸ ಪಿಐಡಿ ಸೇರಿಸಿ, ಮೋಡ್ ಮತ್ತು ಪಿಐಡಿಯ ಜಾಗದಲ್ಲಿ 221940 ಎಂದು ಅಂತರವಿಲ್ಲದೆ ಬರೆದು, ಸೂತ್ರ ಹಾಕಿ, ಹೆಡರ್ ಎಂಬಲ್ಲಿ 'ಆಟೊ' ಎಂದಿರುವುದನ್ನು ಅಳಿಸಿ ಗೇರ್‌ಬಾಕ್ಸ್‌ನ ಹೆಡರ್ ಕೊಡಿ. ಹೊಸಬರು ತಪ್ಪುವುದು ಹೆಚ್ಚಾಗಿ ಈ ಹೆಡರ್‌ನಲ್ಲೇ. ಕಾರ್ ಸ್ಕ್ಯಾನರ್ ಆ್ಯಪ್‌ನಲ್ಲಿ ಸಂಪರ್ಕದ ಪ್ರೊಫೈಲ್ ಆರಿಸುವಾಗ ನಿಮ್ಮ ಕಂಪನಿಯ ಹೆಸರನ್ನೇ ಆರಿಸಿದರೆ ಬಹಳಷ್ಟು ಸೆನ್ಸರ್‌ಗಳು ತಾವಾಗಿ ಬರುತ್ತವೆ. ಫೋರ್ಡ್‌ಗೆ ಫೋರ್‌ಸ್ಕ್ಯಾನ್, ಜಾಟ್ಕೊ ಕಂಪನಿಯ ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವ ನಿಸ್ಸಾನ್‌ನಂಥ ಗಾಡಿಗಳಿಗೆ ಸಿವಿಟಿಜೆಡ್50 ಎಂಬ ಆ್ಯಪ್‌ಗಳು ಇದೇ ಕೆಲಸಕ್ಕೆ ಹುಟ್ಟಿದವು.

ಉತ್ತರ ಬಾರದಿದ್ದರೆ ಏನು ಬಂತು ಎಂದು ಓದಿ. 'ನೋ ಡೇಟಾ' ಎಂದರೆ ಆ ವಿಳಾಸದಲ್ಲಿ ಯಾರೂ ಓಗೊಡಲಿಲ್ಲ, ಹೆಡರ್ ಬದಲಿಸಿ ನೋಡಬೇಕು. 7ಎಫ್ 22 31 ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಮಾತಾಡಿದೆ, ಆದರೆ ಆ ಸಂಖ್ಯೆಯ ಮಾಹಿತಿ ತನ್ನಲ್ಲಿಲ್ಲ ಎನ್ನುತ್ತಿದೆ. ಹೆಡರ್ ಸರಿ, ಪಿಐಡಿ ತಪ್ಪು. 7ಎಫ್ 22 11 ಎಂದರೆ ಮೋಡ್ 22 ಅನ್ನೇ ಅದು ಒಪ್ಪುವುದಿಲ್ಲ.

ಸಿಕ್ಕ ಅಂಕಿ ನಿಜವೇ ಎಂದು ಪರೀಕ್ಷಿಸದೆ ನಂಬಬೇಡಿ. ಬೇರೆಯವರ ಕಾರಿಗೆ ಹೊಂದುವ ಸೂತ್ರ ನಿಮ್ಮ ಕಾರಿನಲ್ಲಿ ಬೇರೇನನ್ನೋ ತಾಪಮಾನವೆಂದು ತೋರಿಸುತ್ತಿರಬಹುದು. ಅದಕ್ಕೊಂದು ಗಟ್ಟಿ ಪರೀಕ್ಷೆಯಿದೆ. ರಾತ್ರಿಯಿಡೀ ನೆರಳಿನಲ್ಲಿ ನಿಂತ ಕಾರಿನಲ್ಲಿ, ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಕೂಲೆಂಟ್, ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಒಳಬರುವ ಗಾಳಿ ಈ ನಾಲ್ಕೂ ಹೊರಗಿನ ಹವೆಯ ಆಸುಪಾಸಿನಲ್ಲಿ, ಒಂದಕ್ಕೊಂದು ಮೂರರಿಂದ ಐದು ಡಿಗ್ರಿಯೊಳಗೆ ಇರಬೇಕು. ಒಂದು ಮಾತ್ರ ಹದಿನೈದು ಡಿಗ್ರಿ ಆಚೆ ನಿಂತಿದ್ದರೆ ಅದರ ಸೆನ್ಸರ್ ಅಥವಾ ಸೂತ್ರ ಸರಿಯಿಲ್ಲ. ಆಮೇಲೆ ಸ್ಟಾರ್ಟ್ ಮಾಡಿ ಓಡಿಸಿ. ಕೂಲೆಂಟ್ ಮೊದಲು ಏರುತ್ತದೆ, ಆಯಿಲ್‌ಗಳು ನಿಧಾನವಾಗಿ ಹಿಂಬಾಲಿಸುತ್ತವೆ. ಮೂರೂ ಒಂದೇ ವೇಗದಲ್ಲಿ ಏರಿದರೆ ಅಲ್ಲೇನೋ ಎಡವಟ್ಟಿದೆ. ಒಂದೇ ಮಾಹಿತಿಯನ್ನು ಎರಡು ಹೆಸರಿನಲ್ಲಿ ನೋಡುತ್ತಿರುವ ಸಾಧ್ಯತೆ ಹೆಚ್ಚು. ಫ್ಯಾರನ್‌ಹೀಟ್‌ನಲ್ಲಿ ಬರೆದ ಸೂತ್ರಗಳೂ ಬಹಳ ಹರಿದಾಡುತ್ತವೆ. 190 ಎಂದು ಕಂಡು ಬೆಚ್ಚಿಬೀಳುವ ಮೊದಲು ಅದು 88 ಡಿಗ್ರಿ ಸೆಲ್ಸಿಯಸ್ ಇರಬಹುದೇ ಎಂದು ಯೋಚಿಸಿ.

ಎಂಜಿನ್ ಆಯಿಲ್ ವಿಷಯದಲ್ಲಿ ಒಂದು ಮಾತು. ಅನೇಕ ಕಾರುಗಳಲ್ಲಿ ಅದಕ್ಕೆ ಪ್ರತ್ಯೇಕ ಸೆನ್ಸರ್ ಇರುವುದೇ ಇಲ್ಲ. ಕೂಲೆಂಟ್, ಆರ್‌ಪಿಎಂ, ಲೋಡ್ (ಎಂಜಿನ್ ಮೇಲಿನ ಭಾರ) ನೋಡಿ ಕಂಪ್ಯೂಟರ್ ಅಂದಾಜು ಮಾಡಿದ ಅಂಕಿಯನ್ನೇ ಕೊಡುತ್ತದೆ. ಆಯಿಲ್ ಮಟ್ಟ ಕಡಿಮೆಯಾಗಿ ನಿಜವಾಗಿ ಬಿಸಿ ಏರಿದ್ದರೂ ಈ ಅಂದಾಜಿಗೆ ಅದು ತಿಳಿಯದು. ಮ್ಯಾನುಯಲ್ ಗೇರ್‌ಬಾಕ್ಸ್‌ಗಳಲ್ಲಂತೂ ಸಾಮಾನ್ಯವಾಗಿ ತಾಪಮಾನದ ಸೆನ್ಸರ್ ಇರುವುದಿಲ್ಲ, ಹುಡುಕುವುದು ವ್ಯರ್ಥ. ಡ್ರೈ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಲ್ಲಿ ಕಾಣುವ ಕ್ಲಚ್ ತಾಪಮಾನವೂ ಹೆಚ್ಚಾಗಿ ಲೆಕ್ಕಾಚಾರದ್ದೇ.

ಅಡಾಪ್ಟರ್ ಕೂಡ ಮೋಸ ಮಾಡುತ್ತದೆ

ಕೂಲೆಂಟ್ ಕಾಣುತ್ತದೆ, ಗೇರ್‌ಬಾಕ್ಸ್ ಕಾಣುವುದಿಲ್ಲ ಎನ್ನುವ ನಿಮ್ಮ ದೂರಿಗೆ ಅಡಾಪ್ಟರೇ ಕಾರಣವಾಗಿರಲೂಬಹುದು. ಇಂಥ ಅಡಾಪ್ಟರ್‌ಗಳ ಮೂಲವಾದ ಇಎಲ್‌ಎಂ327 ಎಂಬ ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನದು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಅಗ್ಗದ ಅಡಾಪ್ಟರ್‌ಗಳಲ್ಲಿ ಇರುವುದು ಅದರ ನಕಲು. ಆವೃತ್ತಿ 1.5 ಎಂದು ಬರೆದಿರುವವು ಎಷ್ಟೋ ಇವೆ, ಆದರೆ ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. 2.1 ಎಂದು ಬರೆದ ನಕಲುಗಳು ಹಲವು ಸಲ ಇನ್ನೂ ಕಳಪೆ. ಇವು ಮೋಡ್ 01ಕ್ಕೆ ಸಲೀಸಾಗಿ ಉತ್ತರ ತರುತ್ತವೆ. ಹೆಡರ್ ಬದಲಿಸಿ ಕೇಳಿದಾಗ, ಇಲ್ಲವೇ ಉತ್ತರ ಒಂದಕ್ಕಿಂತ ಹೆಚ್ಚು ಕಂತುಗಳಲ್ಲಿ ಬಂದಾಗ ಬೆದರಿ ನಿಲ್ಲುತ್ತವೆ. ಇಂಥ ಅಡಾಪ್ಟರ್ ಇಟ್ಟುಕೊಂಡು ಸೂತ್ರ ಬದಲಿಸುತ್ತ ಕೂರುವುದು ಸಮಯ ಹಾಳು. ಒಬಿಡಿಲಿಂಕ್, ವಿಲಿಂಕರ್‌ನಂಥ ಅಡಾಪ್ಟರ್ ಯಾರ ಬಳಿಯಾದರೂ ಇದ್ದರೆ ಎರವಲು ತಂದು ಅದೇ ಪ್ರಶ್ನೆ ಕೇಳಿ ನೋಡಿ.

ಐಫೋನ್ ಇರುವವರು ಸಾಮಾನ್ಯ ಬ್ಲೂಟೂತ್‌ನ ಅಗ್ಗದ ಅಡಾಪ್ಟರ್ ಕೊಂಡರೆ ಕೆಲಸಕ್ಕೆ ಬಾರದು. ಬ್ಲೂಟೂತ್ ಲೋ ಎನರ್ಜಿ, ವೈಫೈ ಅಥವಾ ಆಪಲ್‌ನ ಅನುಮೋದನೆ ಇರುವುದು ಬೇಕು. ವೈಫೈ ಅಡಾಪ್ಟರ್‌ಗೆ ಸಾಮಾನ್ಯ ವಿಳಾಸ 192.168.0.10, ಪೋರ್ಟ್ 35000. ಅದಕ್ಕೆ ಜೋಡಿಸಿದಾಗ ಫೋನ್ ಅದನ್ನೇ ಇಂಟರ್‌ನೆಟ್ ಎಂದು ತಿಳಿದು ಮ್ಯಾಪ್ ಸ್ಥಗಿತವಾಗುವುದು ಮಾಮೂಲಿ ತೊಂದರೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಇಲ್ಲವಾದರೆ ಪರದೆ ಆರಿದೊಡನೆ ಲಾಗ್ (ಅಂಕಿಗಳ ದಾಖಲೆ) ನಿಂತುಹೋಗುತ್ತದೆ. ಅಂದಹಾಗೆ, ಬಿಸಿಲು ನೇರವಾಗಿ ಬೀಳುವ ಕಡೆ ಫೋನ್ ಕೂರಿಸಿದರೆ ಎಂಜಿನ್‌ಗಿಂತ ಮೊದಲು ಫೋನೇ ಕಾದು ಬಂದ್ ಆಗುತ್ತದೆ. ಎಸಿ ಗಾಳಿ ಬರುವ ಕಡೆ ಕೂರಿಸುವುದು ವಾಸಿ.

ಏಕಕಾಲಕ್ಕೆ ಇಪ್ಪತ್ತು ಗೇಜ್ ತೆರೆದಿಡಬೇಡಿ. ಅಡಾಪ್ಟರ್ ಒಂದೊಂದೇ ಪ್ರಶ್ನೆಯನ್ನು ಸರದಿಯಂತೆ ಕೇಳುತ್ತದೆ, ಪಟ್ಟಿ ಉದ್ದವಾದಷ್ಟೂ ಪ್ರತಿ ಅಂಕಿಯೂ ಹಳತಾಗುತ್ತದೆ. ಕೂಲೆಂಟ್, ಗೇರ್‌ಬಾಕ್ಸ್ ಆಯಿಲ್, ಆರ್‌ಪಿಎಂ, ವೇಗ, ಲೋಡ್, ಒಳಬರುವ ಗಾಳಿ, ಬ್ಯಾಟರಿ ವೋಲ್ಟೇಜ್ ಇಷ್ಟು ಸಾಕು. ತಾಪಮಾನಕ್ಕೆ ಎರಡು ಸೆಕೆಂಡಿಗೊಂದು ಅಂಕಿ ಧಾರಾಳವಾಯಿತು.

ನಿಮ್ಮ ಕಾರಿನ ಸ್ವಂತ ಅಂಕಿಗಳು

ಎಲ್ಲ ಕಾರಿಗೂ ಒಪ್ಪುವ ಒಂದು ಅಂಕಿ ಇಲ್ಲ. ಹಳೆಯ ವಿನ್ಯಾಸಗಳಲ್ಲಿ ಥರ್ಮೋಸ್ಟಾಟ್ (ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) 82–88ಕ್ಕೆ ತೆರೆಯಲು ಶುರುಮಾಡುತ್ತದೆ, ಕೂಲೆಂಟ್ ಸಮರಸ್ತೆಯಲ್ಲಿ 90ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂಧನ ಉಳಿಸಲೆಂದು ಹೊಸ ಎಂಜಿನ್‌ಗಳಲ್ಲಿ ಹಲವನ್ನು ಬೇಕೆಂದೇ 100–105ರಲ್ಲಿ ಓಡಿಸುತ್ತಾರೆ. ಭಾರ ಬಿದ್ದಾಗ ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಅದನ್ನು 90ರ ಹತ್ತಿರಕ್ಕೆ ಇಳಿಸುತ್ತದೆ. ಅಂಥ ಕಾರು ಏರಿನಲ್ಲಿ ತಣ್ಣಗಾಗುತ್ತದೆ, ಸಮರಸ್ತೆಯಲ್ಲಿ ಬಿಸಿಯಾಗುತ್ತದೆ. ಇದನ್ನು ತಿಳಿಯದವರು ಒಳ್ಳೆಯ ಥರ್ಮೋಸ್ಟಾಟನ್ನು ಬಿಚ್ಚಿ ಎಸೆದದ್ದೂ ಉಂಟು.

ಆದ್ದರಿಂದ ಕಾರು ಆರೋಗ್ಯವಾಗಿರುವಾಗಲೇ ನಾಲ್ಕು ಸ್ಥಿತಿಗಳಲ್ಲಿ ಅಂಕಿ ಬರೆದಿಟ್ಟುಕೊಳ್ಳಿ: ತಣ್ಣಗೆ ನಿಂತಾಗ, ಎಸಿ ಹಾಕಿ ನಿಂತಲ್ಲೇ ಹದಿನೈದು ನಿಮಿಷ ಎಂಜಿನ್ ಓಡಿದ ಮೇಲೆ, ಸಮರಸ್ತೆಯಲ್ಲಿ ಒಂದೇ ವೇಗದಲ್ಲಿ, ಭಾರ ಹೊತ್ತು ಏರು ಹತ್ತುವಾಗ. ಪ್ರತಿ ಅಂಕಿಯ ಪಕ್ಕದಲ್ಲಿ ಹೊರಗಿನ ಹವೆ ಎಷ್ಟಿತ್ತು ಎಂದು ಬರೆಯುವುದನ್ನು ಮರೆಯಬೇಡಿ. 20 ಡಿಗ್ರಿ ಹವೆಯ ದಿನದ ಅಂಕಿಯನ್ನು 40 ಡಿಗ್ರಿ ಹವೆಯ ದಿನಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಫ್ಯಾನ್ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಎಸಿ ಆರಿಸಿ ನೋಡಿಕೊಳ್ಳಿ. ಸಾಮಾನ್ಯವಾಗಿ ಮೊದಲ ವೇಗ 95–100ಕ್ಕೆ, ಜೋರು ವೇಗ 105ರ ಆಸುಪಾಸಿಗೆ. ನಾಲ್ಕರಲ್ಲಿ ಅತಿ ಹೆಚ್ಚು ಬಂದ ಅಂಕಿಗೆ ಆರೇಳು ಡಿಗ್ರಿ ಕೂಡಿಸಿ ಆ್ಯಪ್‌ನಲ್ಲಿ ಅಲಾರಂ ಇಡಿ. ನಿಮ್ಮದಕ್ಕೆ 103 ಮಾಮೂಲಿ ಎಂದು ಖಚಿತವಾದರೆ ಅಲಾರಂ 110ಕ್ಕೆ ಇರಲಿ. 110 ದಾಟಿ ಇಳಿಯದೆ ನಿಂತರೆ ಓಡಿಸುವ ರೀತಿ ಬದಲಿಸಬೇಕು. 115ಕ್ಕೆ ಜಾಗ ನೋಡಿ ನಿಲ್ಲಿಸಬೇಕು. 120ರ ಮೇಲೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವ, ಗ್ಯಾಸ್ಕೆಟ್ ಹೋಗುವ ಅಪಾಯ ನಿಜವಾದದ್ದು. ಕಂಪನಿಯ ಕೈಪಿಡಿ ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ.

ಎಂಜಿನ್ ಆರಿಸಿದ ತಕ್ಷಣ ಕೂಲೆಂಟ್ ಐದರಿಂದ ಹತ್ತು ಡಿಗ್ರಿ ಮೇಲೇರುವುದು ಕಂಡರೆ ಹೆದರಬೇಡಿ. ಪಂಪ್ ನಿಂತಿದೆ, ಬಿಸಿ ಲೋಹ ತನ್ನ ಸುತ್ತ ನಿಂತ ಕೂಲೆಂಟನ್ನು ಕಾಯಿಸುತ್ತಿದೆ, ಅಷ್ಟೆ.

ಏರಿಳಿತವನ್ನು ಓದುವುದು

ಒಂಟಿ ಅಂಕಿಗಿಂತ ಅದು ಯಾವಾಗ ಏರಿತು, ಎಷ್ಟು ಬೇಗ ಏರಿತು ಎಂಬುದರಲ್ಲಿ ವಿಷಯ ಹೆಚ್ಚಿದೆ. ಹಾಗಾಗಿ ಗೇಜ್‌ಗಿಂತ ಗ್ರಾಫ್ ನೋಡುವುದು ಒಳ್ಳೆಯದು.

ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ವೇಗ ಹಿಡಿದೊಡನೆ ಇಳಿಯುತ್ತಿದ್ದರೆ ಗಾಳಿಯ ಕೊರತೆ. ಫ್ಯಾನ್ ಮೋಟಾರ್, ರಿಲೇ, ಫ್ಯೂಸ್, ಕಡಿಮೆ ವೇಗದ ರೆಸಿಸ್ಟರ್ ನೋಡಿ. ಎಸಿ ಹಾಕಿದಾಗ ಮಾತ್ರ ಏರಿದರೆ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಮತ್ತು ರೇಡಿಯೇಟರ್ ನಡುವೆ ಧೂಳು, ಹುಳ, ಒಣ ಎಲೆ ಗಂಟು ಕಟ್ಟಿರುತ್ತದೆ. ಹೊರಗಿನಿಂದ ನೋಡಿದರೆ ಕಂಡೆನ್ಸರ್ ಶುಭ್ರವಾಗಿಯೇ ಕಾಣುತ್ತದೆ. ಕಸ ಇರುವುದು ಅದರ ಹಿಂದೆ.

ನಿಂತಾಗ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಮಾತ್ರ ನಿಧಾನವಾಗಿ ಮೇಲೆ ಹೋಗುತ್ತಿದ್ದರೆ ಫ್ಯಾನ್ ಮೇಲೆ ಅನುಮಾನ ಬೇಡ. ಆ ವೇಗದಲ್ಲಿ ಫ್ಯಾನ್ ಬೇಕಾಗುವುದೇ ಇಲ್ಲ. ರೇಡಿಯೇಟರ್‌ನ ಒಳಕೊಳವೆಗಳು ಕಟ್ಟಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ಪಂಪ್‌ನ ರೆಕ್ಕೆ ಸವೆದಿರಬಹುದು, ಕೆಳಗಿನ ಹೋಸ್ ಹೀರುವಿಕೆಗೆ ಅಪ್ಪಚ್ಚಿಯಾಗುತ್ತಿರಬಹುದು.

ಇದಕ್ಕೆ ತದ್ವಿರುದ್ಧವಾಗಿ, ಅರ್ಧ ಗಂಟೆ ಓಡಿಸಿದರೂ 80 ಮುಟ್ಟದೆ, ಇಳಿಜಾರಿನಲ್ಲಿ 65–70ಕ್ಕೆ ಬೀಳುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಕೂತಿದೆ. ಪಿ0128 ಎಂಬ ದೋಷದ ಕೋಡ್ ಇದಕ್ಕೇ ಬರುವುದು. ಬಿಸಿಯಾಗುತ್ತಿಲ್ಲವಲ್ಲ ಎಂದು ಸಮಾಧಾನ ಪಡುವ ವಿಷಯವಲ್ಲ. ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ಚಿಹ್ನೆ ಬಹಳ ಮಂದಿಗೆ ಗೊತ್ತಿಲ್ಲದ್ದು. ಏರುತ್ತಿದ್ದ ಕೂಲೆಂಟ್ ತಾಪಮಾನ ಓಡುತ್ತಿರುವಾಗಲೇ ಕಾರಣವಿಲ್ಲದೆ ಸರ್ರನೆ ಕೆಳಗಿಳಿಯುವುದು, ಅಥವಾ ಮೇಲೆ ಕೆಳಗೆ ಹೊಯ್ದಾಡುವುದು. ಕೂಲೆಂಟ್ ಸೋರಿ ಮಟ್ಟ ಸೆನ್ಸರ್‌ಗಿಂತ ಕೆಳಗೆ ಹೋದರೆ ಸೆನ್ಸರ್ ಅಳೆಯುವುದು ಗಾಳಿ, ಹಬೆಗಳನ್ನು. ಎಂಜಿನ್ ಸುಡುತ್ತಿರುತ್ತದೆ, ಫೋನ್ 85 ತೋರಿಸುತ್ತದೆ, ಅಲಾರಂ ಕೂಗುವುದಿಲ್ಲ. ಆ ಹೊತ್ತಿಗೆ ಹೀಟರ್ ಆನ್ ಮಾಡಿ ನೋಡಿ: ಅಂಕಿ ಹೆಚ್ಚಿರಲಿ ಕಡಿಮೆಯಿರಲಿ, ತಣ್ಣನೆಯ ಗಾಳಿ ಬಂದರೆ ಹೀಟರ್ ಕೋರ್‌ಗೆ ಕೂಲೆಂಟ್ ತಲುಪುತ್ತಿಲ್ಲ. ತಕ್ಷಣ ನಿಲ್ಲಿಸಿ, ಎಂಜಿನ್ ಆರಿಸಿ. ಕೂಲೆಂಟ್ ಬದಲಿಸಿದ ಹೊಸದರಲ್ಲಿ ಹೊಯ್ದಾಟ ಕಂಡರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಗಾಳಿ ತೆಗೆದ ಮೇಲೂ ಮರುಕಳಿಸಿದರೆ ಹೆಡ್ ಗ್ಯಾಸ್ಕೆಟ್ ದಾಟಿ ದಹನದ ಅನಿಲ ನುಗ್ಗುತ್ತಿದೆಯೇ ಎಂದು ಪರೀಕ್ಷಿಸಬೇಕು.

ಗೇರ್‌ಬಾಕ್ಸ್ ಆಯಿಲ್

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ಗೆ 75–95 ಡಿಗ್ರಿ ದಿನನಿತ್ಯದ ಮಾತು. ಏರಿನಲ್ಲಿ, ಭಾರ ಎಳೆಯುವಾಗ 100–110 ಸ್ವಲ್ಪ ಹೊತ್ತು ಇದ್ದರೆ ತೊಂದರೆಯಿಲ್ಲ. 115ಕ್ಕೆ ಅಲಾರಂ ಇಡಿ. 125 ದಾಟಿದರೆ ನಿಲ್ಲಿಸಿ. ಗೇರ್‌ಬಾಕ್ಸ್ ಕಂಪ್ಯೂಟರ್‌ಗೂ ಅದರದೇ ಮಿತಿ ಇರುತ್ತದೆ. ಅದನ್ನು ದಾಟಿದರೆ ಎಂಜಿನ್‌ನ ಬಲ ತಗ್ಗಿಸುತ್ತದೆ, ಗೇರ್ ಬದಲಿಸುವ ರೀತಿ ಬದಲಾಗುತ್ತದೆ, ಪಿ0218 ಕೋಡ್ ದಾಖಲಾಗಬಹುದು. 80 ಡಿಗ್ರಿಯ ಮೇಲೆ ಪ್ರತಿ ಹತ್ತು–ಹನ್ನೊಂದು ಡಿಗ್ರಿಗೆ ಆಯಿಲ್‌ನ ಆಯುಸ್ಸು ಅರ್ಧವಾಗುತ್ತದೆ ಎಂಬ ಹಳೆಯ ಲೆಕ್ಕವೊಂದು ಗ್ಯಾರೇಜ್‌ಗಳಲ್ಲಿ ಚಾಲ್ತಿಯಲ್ಲಿದೆ. ಅದು ಹಳೆಯ ಮಿನರಲ್ ಆಯಿಲ್‌ಗಳ ಕಾಲದ್ದು. ಈಗಿನ ಸಿಂಥೆಟಿಕ್ ಆಯಿಲ್‌ಗಳು ಹೆಚ್ಚು ತಾಳುತ್ತವೆ. ಹೊಸ ಗೇರ್‌ಬಾಕ್ಸ್‌ಗಳಲ್ಲಿ ಕೆಲವಕ್ಕೆ ಥರ್ಮಲ್ ವಾಲ್ವ್ ಇರುತ್ತದೆ, ಆಯಿಲ್ ತೆಳುವಾಗಿ ಓಡಲಿ ಎಂದು ಅದನ್ನು 90ರ ಆಚೀಚೆ ಬೇಕೆಂದೇ ಬಿಸಿಯಾಗಿಡುತ್ತವೆ. ಅಲ್ಲಿ 93 ಕಂಡು ಹೆಚ್ಚುವರಿ ಕೂಲರ್ ಹಾಕಿಸುವುದು ದಂಡದ ಖರ್ಚು.

ಈ ಆಯಿಲ್ ಕಾಯುವುದು ಎಲ್ಲಿ ಎಂದು ತಿಳಿದರೆ ಓಡಿಸುವಾಗ ಏನು ಮಾಡಬೇಕೆಂದು ತಾನಾಗಿ ಹೊಳೆಯುತ್ತದೆ. ಬಿಸಿಯ ಬಹುಪಾಲು ಹುಟ್ಟುವುದು ಕನ್ವರ್ಟರ್‌ನಲ್ಲಿ. ಎಂಜಿನ್ ಕಡೆ 2,400 ಸುತ್ತು, ಗೇರ್‌ಬಾಕ್ಸ್ ಕಡೆ 1,900 ಸುತ್ತು ಇದ್ದರೆ ನಡುವಿನ 500 ಸುತ್ತಿನ ಜಾರುವಿಕೆ ಆಯಿಲನ್ನು ಕಡೆಯುತ್ತ ಕಾಯಿಸುತ್ತದೆ. ಎರಡೂ ಕಡೆಯನ್ನು ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಕಚ್ಚಿಕೊಂಡರೆ ಜಾರುವಿಕೆ ಬಹುತೇಕ ನಿಂತು ತಾಪಮಾನ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಲಾಕ್ ಆಗಿದೆಯೇ ಎಂದು ತಿಳಿಯಲು ಬೇರೆ ಸೆನ್ಸರ್ ಬೇಡ. ಒಂದೇ ವೇಗದಲ್ಲಿ ಹೋಗುವಾಗ ಆಕ್ಸಲರೇಟರನ್ನು ತುಸುವೇ ಒತ್ತಿ. ವೇಗ ಏರುವ ಮೊದಲೇ ಆರ್‌ಪಿಎಂ ಇನ್ನೂರು ಮುನ್ನೂರು ಜಿಗಿದರೆ ಲಾಕ್ ಆಗಿಲ್ಲ. ಆರ್‌ಪಿಎಂ ವೇಗದ ಜೊತೆಜೊತೆಗೇ ಏರಿದರೆ ಆಗಿದೆ. ಉದ್ದನೆಯ ಏರಿನಲ್ಲಿ 'ಡಿ'ಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೂರು, ನಾಲ್ಕು, ಮತ್ತೆ ಮೂರು ಎಂದು ಹುಡುಕಾಡುತ್ತ, ಪ್ರತಿ ಸಲ ಲಾಕ್ ಬಿಡಿಸಿಕೊಳ್ಳುತ್ತ ಹೋಗುತ್ತದೆ. ಮ್ಯಾನುಯಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್ ಹಿಡಿದು 2,500–3,000 ಆರ್‌ಪಿಎಂನಲ್ಲಿ ಹತ್ತಿದರೆ ಎಂಜಿನ್ ಸದ್ದು ಹೆಚ್ಚಾದರೂ ಆಯಿಲ್ ತಣ್ಣಗಾಗುತ್ತದೆ. ನೀರಿನ ಪಂಪ್ ಜೋರಾಗಿ ತಿರುಗುವುದರಿಂದ ಕೂಲೆಂಟ್‌ಗೂ ಲಾಭ. ನಿಮ್ಮ 103ರ ಏರನ್ನು ಹೀಗೊಮ್ಮೆ ಹತ್ತಿ ಎರಡೂ ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಸೆನ್ಸರ್ ಎಲ್ಲಿದೆ ಎಂಬುದೂ ಮುಖ್ಯ. ಸಂಪ್ (ಆಯಿಲ್ ನಿಲ್ಲುವ ತಳದ ತೊಟ್ಟಿ) ಅಥವಾ ವಾಲ್ವ್ ಬಾಡಿಯಲ್ಲಿ (ಆಯಿಲ್ ಹಂಚುವ ಭಾಗದಲ್ಲಿ) ಇದ್ದರೆ ಅಂಕಿ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಕನ್ವರ್ಟರ್‌ನಿಂದ ಆಯಿಲ್ ಹೊರಬರುವ ದಾರಿಯಲ್ಲಿದ್ದರೆ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚು ಚಿಮ್ಮಿ ಬೇಗನೆ ಇಳಿಯುವುದು ಸಹಜ. ಮೇಲೆ ಹೇಳಿದ ಮಿತಿಗಳು ಸಂಪ್‌ನ ಅಂಕಿಗೆ. ಆಯಿಲ್ ಕೂಲರ್ ರೇಡಿಯೇಟರ್‌ನೊಳಗೇ ಇರುವ ಕಾರಾದರೆ ಕೂಲೆಂಟ್ ಕಾದಾಗ ಗೇರ್‌ಬಾಕ್ಸ್ ಕೂಡ ಕಾಯುತ್ತದೆ. ಕೂಲೆಂಟ್ ಸ್ಥಿರವಾಗಿದ್ದು ಗೇರ್‌ಬಾಕ್ಸ್ ಮಾತ್ರ ಹಿಂದಿಗಿಂತ ಹದಿನೈದು ಡಿಗ್ರಿ ಹೆಚ್ಚು ಓಡುತ್ತಿದ್ದರೆ ಆಯಿಲ್ ಕಡಿಮೆಯಾಗಿದೆ, ಕೂಲರ್ ಕಟ್ಟಿದೆ ಅಥವಾ ಲಾಕಪ್ ಕ್ಲಚ್ ಜಾರುತ್ತಿದೆ.

ಸ್ಕ್ಯಾನರ್‌ನ ಇನ್ನೊಂದು ಒಳ್ಳೆಯ ಉಪಯೋಗ ಆಯಿಲ್ ಮಟ್ಟ ನೋಡುವುದು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಕಾರನ್ನು ಮಟ್ಟಸವಾಗಿ ಎತ್ತಿ, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಮಟ್ಟದ ಬೋಲ್ಟ್ ಬಿಚ್ಚಬೇಕು. ಅದೂ ಆಯಿಲ್ ನಿಗದಿತ ತಾಪಮಾನದಲ್ಲಿದ್ದಾಗ ಮಾತ್ರ. ಝಡ್‌ಎಫ್ ಕಂಪನಿಯ 8ಎಚ್‌ಪಿ ಗೇರ್‌ಬಾಕ್ಸ್‌ಗೆ 30–50 ಡಿಗ್ರಿ; ಎಷ್ಟೋ ಗೇರ್‌ಬಾಕ್ಸ್‌ಗಳಿಗೆ 35–45. ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಬೋಲ್ಟ್ ಮುಚ್ಚುವುದು. ಬಿಸಿಗೆ ಆಯಿಲ್ ಹಿಗ್ಗುವುದರಿಂದ, 80 ಡಿಗ್ರಿಯಲ್ಲಿ ಬಿಚ್ಚಿದರೆ ಬೇಕಾದ ಆಯಿಲೂ ಹೊರಗೆ ಹರಿದುಹೋಗುತ್ತದೆ. 'ಆಯಿಲ್ ಬದಲಿಸಿದ ಮೇಲೆ ಗೇರ್ ಜಗ್ಗುತ್ತಿದೆ' ಎನ್ನುವ ದೂರುಗಳಿಗೆ ಇದೂ ಒಂದು ಮೂಲ.

ಕಾದೇ ಬಿಟ್ಟರೆ

ಕೂಲೆಂಟ್ ಮಿತಿ ದಾಟಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಆಕ್ಸಲರೇಟರ್ ಸಡಿಲಿಸಿ. ಅಂಕಿ ಇಳಿಯಿತೆಂದರೆ ಮುಂದೆ ಸಾಗಬಹುದು. ನಿಲ್ಲಿಸಿದ ಮೇಲೆ ಫ್ಯಾನ್ ತಿರುಗುತ್ತಿದ್ದು ಸೋರಿಕೆ ಕಾಣದಿದ್ದರೆ ಎಂಜಿನ್ ಎರಡು ಮೂರು ನಿಮಿಷ ಓಡಲಿ. ಸೋರಿಕೆ ಇದ್ದರೆ, ಹಬೆ ಏಳುತ್ತಿದ್ದರೆ ಅಥವಾ ಅಂಕಿ ಏರುತ್ತಲೇ ಇದ್ದರೆ ಕೂಡಲೇ ಆರಿಸಿ. ಮುಚ್ಚಳಕ್ಕೆ ಕೈ ಹಾಕಬೇಡಿ. ಬಿಚ್ಚಿದ ಕ್ಷಣ ಒತ್ತಡ ಇಳಿದು ಒಳಗಿನದೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ಗೇರ್‌ಬಾಕ್ಸ್ ಕಾದಿದ್ದರೆ ಮಟ್ಟಸವಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು 1,200 ಆರ್‌ಪಿಎಂ ಸುಮಾರಿಗೆ ಓಡಿಸಿ. ಪಂಪ್ ಆಯಿಲನ್ನು ಕೂಲರ್ ಮೂಲಕ ಸುತ್ತಿಸುತ್ತದೆ. ತಕ್ಷಣ ಆರಿಸಿದರೆ ಕನ್ವರ್ಟರ್‌ನೊಳಗಿನ ಬಿಸಿ ಅಲ್ಲೇ ಉಳಿಯುತ್ತದೆ.

ಇನ್ನು ಅಡಾಪ್ಟರನ್ನು ಕಾರಿನಲ್ಲೇ ಬಿಡುವ ವಿಷಯ. ಒಬಿಡಿ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ. ಅಡಾಪ್ಟರ್ 40 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಹೆಚ್ಚುಕಡಿಮೆ ಒಂದು ಆಂಪಿಯರ್-ಅವರ್. ಎರಡು ವಾರ ನಿಂತ ಕಾರಿನ 45 ಆಂಪಿಯರ್-ಅವರ್ ಬ್ಯಾಟರಿಗೆ ಅದು ಸಣ್ಣ ಹೊರೆಯಲ್ಲ. ತಾನಾಗಿ ನಿದ್ರೆಗೆ ಜಾರುವ ಅಡಾಪ್ಟರ್ ಅಲ್ಲದಿದ್ದರೆ ಕಿತ್ತಿಡಿ. ಸಾಕೆಟ್ ಮೊಣಕಾಲಿಗೆ ತಾಗುವಂತಿದ್ದರೆ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಬಿಗಿಯಾಗಿ ಕಟ್ಟಿ, ಪೆಡಲ್ ಕೆಳಗೆ ಬೀಳುವಂತಿರಬಾರದು. ಅಂಕಿ ನೋಡುವುದಕ್ಕಿಂತ ಅಲಾರಂ ಸದ್ದಿಗೆ ಕಿವಿ ಕೊಡುವಂತೆ ಹೊಂದಿಸಿದರೆ ಕಣ್ಣು ರಸ್ತೆಯ ಮೇಲಿರುತ್ತದೆ.

ವರ್ಕ್‌ಶಾಪ್‌ಗೆ ಹೋಗಬೇಕಾಗಿ ಬಂದರೆ ಆ್ಯಪ್‌ನಲ್ಲಿ ಕೋಡ್ ಅಳಿಸಿ ಹೋಗಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ: ದೋಷ ಕಂಡ ಕ್ಷಣದ ಕೂಲೆಂಟ್ ತಾಪಮಾನ, ಆರ್‌ಪಿಎಂ, ವೇಗ, ಲೋಡ್. ಅಳಿಸಿದರೆ ಅದೂ ಹೋಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಏರಿನ ಲಾಗ್ ಫೈಲ್ ಜೊತೆ ಮೆಕ್ಯಾನಿಕ್‌ಗೆ ಕೊಡಿ. ಹೊರಗಿನ ಹವೆ ಎಷ್ಟಿತ್ತು, ಎಸಿ ಆನ್ ಇತ್ತೇ, ಎಷ್ಟು ಜನರಿದ್ದಿರಿ ಎಂಬುದನ್ನೂ ಬರೆದುಕೊಡಿ.